ಮಗಳಿಗೆ ಹಲ್ಲುಜ್ಜೋ ಡ್ಯೂಟಿ ನಂದು

ನಮ್ಮನೇಲಿ ರಾತ್ರಿ ಎದ್ದು ಹಾಲು ಕುಡಿಸೋದೆಲ್ಲಾ ಹೆಂಡ್ತಿ ಪಾಲಿಗೇ ಬಿದ್ದಿತ್ತು, ಹಾಗಾಗಿ ಪಾಪೂಗೆ ಹಲ್ಲುಜ್ಜೋದನ್ನ ನಾನು ವಹಿಸ್ಕೊಂಡೆ. ಹಲ್ಲು ಬರೋವರೆಗೂ ಸ್ನಾನ ಆದ್ಮೇಲೆ ಒದ್ದೆ ಬಟ್ಟೇಲಿ ವಸಡು ಒರೆಸ್ತಿದ್ದೆ, ಕೆಳಗಡೆ ಎರಡು ಹಲ್ಲು ಮೊಳೆತ ತಕ್ಷಣ ಬ್ರಷ್ ತಂದೆ. ಮನೆಗೆ ಬಂದೋರೆಲ್ಲಾ ಹಾಲುಹಲ್ಲು ತಾನೆ, ಬಿದ್ದೋಗೋದಕ್ಕೆ ಇಷ್ಟೊಂದು ಯಾಕಪ್ಪಾ ಅಂತಿದ್ರು. ಆದ್ರೆ ಮುಂದಿನವು ಆರೇಳು ವರ್ಷಕ್ಕೆ ಬಿದ್ರೂ ದವಡೆ ಹಾಲುಹಲ್ಲು ಹತ್ತು-ಹನ್ನೆರಡು ವರ್ಷದವರೆಗೂ ಬಾಯಲ್ಲೇ ಇರತ್ತೆ, ಮೇಲಿನ ಗಟ್ಟಿ ಪದರ, ಎನಾಮಲ್ ಅಂತಾರಲ್ಲ, ಅದು ಬೇರೆ ತೆಳು, ಹುಳುಕು ಹಿಡಿದ್ರೆ ಬೇಗ ಒಳಗೆ ಇಳಿದುಬಿಡತ್ತೆ.

ಬೆರಳಿಗೆ ಹಾಕ್ಕೊಳೋ ಸಿಲಿಕಾನ್ ಬ್ರಷ್ ಯಾರೋ ಗಿಫ್ಟ್ ಕೊಟ್ಟಿದ್ರು. ವಸಡು ತುರಿಸ್ದಾಗ ಕಚ್ಚೋಕೆ ಪರವಾಗಿಲ್ಲ, ಉಜ್ಜೋಕೆ ನಂಗೆ ಹಿಡಿಸ್ಲಿಲ್ಲ, ಕಚ್ಚಿದ್ರೆ ಬೆರಳಿಗೆ ಜೀವ ಹೋಗತ್ತೆ ಸ್ವಾಮಿ. ಪುಟ್ಟ ತಲೆ ಇರೋ, ಮೆತ್ತನೆ ಎಳೆಯ ಮಾಮೂಲಿ ಬೇಬಿ ಬ್ರಷ್ಷೇ ವಾಸಿ.

ಎಲ್ಲಕ್ಕಿಂತ ಮುಖ್ಯ ಮಲಗಿಸ್ಕೊಳೋ ರೀತಿ. ಎದುರಿಗೆ ಕೂರಿಸ್ಕೊಂಡು ಉಜ್ಜೋಕೆ ಹೋದ್ರೆ ತಲೆ ಆಕಡೆ ಈಕಡೆ ತಿರುಗಿಸ್ತಾಳೆ, ಮೇಲಿನ ಹಲ್ಲು ಕಾಣೋದೇ ಇಲ್ಲ. ನಾನೂ ಹೆಂಡ್ತೀನೂ ಮಂಡಿಗೆ ಮಂಡಿ ತಾಗಿಸಿ ಎದುರುಬದುರು ಕೂತ್ಕೋತೀವಿ, ಮಗು ಕಾಲು ಅವಳ ಸೊಂಟದ ಎರಡೂ ಕಡೆ, ತಲೆ ನನ್ನ ತೊಡೆ ಮೇಲೆ, ಕೈ ಅವಳೇ ಹಿಡ್ಕೋತಾಳೆ. ಮೇಲಿಂದ ನೋಡಿದ್ರೆ ಇಡೀ ಬಾಯಿ ಕಾಣತ್ತೆ. ಮೇಲ್ತುಟಿ ಎತ್ತಿದ್ರೆ ಮಧ್ಯದಲ್ಲಿ ತುಟಿಗೂ ವಸಡಿಗೂ ಸೇರ್ಕೊಂಡು ಒಂದು ಸಣ್ಣ ಪೊರೆ ಇದೆ ನೋಡಿ, ಬ್ರಷ್ ಅದಕ್ಕೆ ತಗುಲಿದ್ರೆ ಮಗೂಗೆ ತುಂಬಾ ನೋವಾಗತ್ತೆ, ಎಷ್ಟೋ ಮಕ್ಕಳು ಕಿರುಚೋದು ಅದಕ್ಕೇ ಅಂತ ನನ್ನ ಅನಿಸಿಕೆ. ಹಾಗಾಗಿ ಎಡಗೈ ತೋರುಬೆರಳನ್ನ ಆ ಪೊರೆ ಮೇಲೇ ಇಟ್ಟು ತುಟಿ ಎತ್ಕೊಂಡು, ಹಲ್ಲು ವಸಡು ಸೇರೋ ಜಾಗದಲ್ಲಿ ಮೆಲ್ಲಗೆ ಸುತ್ತಿಸ್ತೀನಿ. ಅತ್ರೂ ನಿಲ್ಲಿಸಲ್ಲ, ಅಳುವಾಗ ಬಾಯಿ ಚೆನ್ನಾಗಿ ತೆರೆದಿರತ್ತೆ. ಕೈಗೆ ಇನ್ನೊಂದು ಬ್ರಷ್ ಕೊಟ್ರೆ ಅರ್ಧ ಗಲಾಟೆ ಕಮ್ಮಿ.

ಜಗಳ ಆಗಿದ್ದು ಪೇಸ್ಟಿಗೆ, ಅದರಲ್ಲಿ ಹುಳುಕು ತಡೆಯೋಕೆ ಅಂತ ಹಾಕಿರೋ ಫ್ಲೋರೈಡಿಗೆ. ಅಮ್ಮನ ತವರುಮನೆ ಪಾವಗಡದ ಕಡೆ, ಅಲ್ಲಿ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ, ನಮ್ಮ ಸೋದರಮಾವನ ಮಕ್ಕಳ ಹಲ್ಲೆಲ್ಲಾ ಕಂದು ಕಲೆ. ಪೇಸ್ಟ್ ಟ್ಯೂಬ್ ಮೇಲೆ ಫ್ಲೋರೈಡ್ ಅಂತ ಓದಿದ್ದೇ ತಡ, "ಲೋ, ಬೆಂಗಳೂರಲ್ಲಿ ಹುಟ್ಟಿರೋ ಮಗೂಗೂ ಆ ವಿಷ ಕೊಡ್ತೀಯೇನೋ" ಅಂದ್ರು. ಭಯ ಸುಳ್ಳಲ್ಲ, ಕಣ್ಣಾರೆ ನೋಡಿರೋರು. ಲೆಕ್ಕ ಹಾಕಿ ತೋರಿಸ್ದೆ. ಕುಡಿಯೋ ನೀರಲ್ಲಿ ಫ್ಲೋರೈಡ್ ಹೆಚ್ಚೆಂದ್ರೆ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅಂತ ನಮ್ಮ ದೇಶದ ಮಾನದಂಡ. 1000 ಪಿಪಿಎಂ, ಅಂದ್ರೆ ಒಂದು ಗ್ರಾಂಗೆ 1 ಮಿಲಿಗ್ರಾಂ ಫ್ಲೋರೈಡ್ ಇರೋ ಪೇಸ್ಟನ್ನ ಒಂದು ಅಕ್ಕಿಕಾಳಿನಷ್ಟು ಸವರಿದ್ರೆ ಅದರಲ್ಲಿರೋದು ಸುಮಾರು 0.1 ಮಿಲಿಗ್ರಾಂ, ಎರಡು ಹೊತ್ತೂ ಪೂರ್ತಿ ನುಂಗಿದ್ರೂ 0.2. ಆ ಊರಿನವ್ರು ಕುಡಿದಿದ್ದು ಹಲ್ಲು ಒಳಗೊಳಗೇ ರೂಪ ಆಗ್ತಿರೋ ವಯಸ್ಸಲ್ಲಿ, ದಿನಾ, ಕೊಡಗಟ್ಲೆ. ಅಮ್ಮ ಪೂರ್ತಿ ಒಪ್ಪಲಿಲ್ಲ, ಟ್ಯೂಬನ್ನ ಅವರೇ ಬೀರುವಿನಲ್ಲಿಟ್ಕೊಂಡು ಕಾಳಷ್ಟು ಅವರೇ ಹಾಕ್ಕೊಡ್ತಾರೆ, ನಂಗೂ ಅದೇ ಸರಿ ಅನ್ಸತ್ತೆ. ಮೂರು ವರ್ಷದವರೆಗೂ ಅಷ್ಟೇ, ಆಮೇಲೆ ಬಟಾಣಿ ಕಾಳಿನಷ್ಟು. ಮಕ್ಕಳ ಪೇಸ್ಟ್ ಅಂತ ಮಾರೋ ಎಷ್ಟೋ ಬ್ರ್ಯಾಂಡಲ್ಲಿ ಫ್ಲೋರೈಡೇ ಇರಲ್ಲ, ಚಿತ್ರ ನೋಡ್ದೆ ಲೇಬಲ್ ಓದಿ ತಗೊಳ್ಳಿ. ಮನೇಲಿ ಬೋರ್ ಅಥವಾ ಟ್ಯಾಂಕರ್ ನೀರೇ ಕುಡಿಯೋದಾದ್ರೆ ಒಂದ್ಸಲ ಟೆಸ್ಟ್ ಮಾಡಿಸಿ, ಡಾಕ್ಟರಿಗೂ ಹೇಳಿ.

ಬೆಳಗ್ಗೆ ತಪ್ಪಿದ್ರೂ ರಾತ್ರಿ ಮಾತ್ರ ತಪ್ಪಿಸಲ್ಲ. ನಿದ್ದೇಲಿ ಜೊಲ್ಲು ಕಮ್ಮಿ ಆಗತ್ತೆ, ಹಲ್ಲಿಗೆ ಅಂಟಿದ್ದು ಹಾಗೇ ಉಳಿಯತ್ತೆ. ಬೆಲ್ಲ ಹಾಕಿದ ರಾಗಿ ಸರಿ ಅಂತೂ ಸುಮ್ನೆ ಹೋಗೋದಲ್ಲ, ಅದನ್ನ ಸಂಜೆಗೇ ಮುಗಿಸಿ ಬೆಲ್ಲಾನೂ ಬಿಟ್ವಿ. ಬಾಟಲಿ ಬಾಯಲ್ಲಿಟ್ಕೊಂಡು ನಿದ್ದೆ ಹೋಗೋ ಅಭ್ಯಾಸ ಇದ್ರೆ ಮೊದಲು ಹಾಳಾಗೋದು ಮೇಲಿನ ಮುಂದಿನ ಹಲ್ಲುಗಳೇ, ಕೆಳಗಿನವನ್ನ ನಾಲಿಗೆ, ಜೊಲ್ಲು ಕಾಪಾಡತ್ತೆ.

ಅದಕ್ಕೇ ವಾರಕ್ಕೊಂದ್ಸಲ ಬೆಳಕಲ್ಲಿ ಮೇಲ್ತುಟಿ ಎತ್ತಿ ನೋಡ್ತೀನಿ. ವಸಡಿನ ಪಕ್ಕ ಸುಣ್ಣದ ಹಾಗೆ ಬಿಳಿ ಗೆರೆ ಕಂಡ್ರೆ ಅದೇ ಹುಳುಕಿನ ಶುರು, ಆ ಹಂತದಲ್ಲಿ ಡ್ರಿಲ್ ಇಲ್ದೇನೂ ತಡೀಬಹುದು. ಏನೂ ಕಾಣದಿದ್ರೂ ಒಂದು ವರ್ಷ ತುಂಬೋದ್ರೊಳಗೆ ಒಂದ್ಸಲ ತೋರಿಸ್ಬೇಕು. ಪ್ರೈವೇಟ್ ದುಬಾರಿ ಅನ್ಸಿದ್ರೆ ಬೆಂಗಳೂರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಹತ್ರ ಕೋಟೆ ಕಡೆ ಸರ್ಕಾರಿ ಡೆಂಟಲ್ ಕಾಲೇಜಿದೆ, ಮಕ್ಕಳ ಹಲ್ಲಿಗೇ ಬೇರೆ ವಿಭಾಗ ಇದೆ, ಮಗು ನಿದ್ದೆ ಟೈಮ್ ನೋಡ್ಕೊಂಡು ಬೆಳಗ್ಗೆ ಬೇಗ ಹೊರಡಿ.