ಅಟ್ಟದ ಕಿರ್ದಿಯಿಂದ ವಖಾರಿಯ ಚರಿತ್ರೆ: ನನ್ನ ಅನುಭವ

ಶಿರಸಿಯ ಒಂದು ಅಡಿಕೆ ವಖಾರಿಯ (ಅಡಿಕೆ ವ್ಯಾಪಾರದ ಮಳಿಗೆಯ) ಚರಿತ್ರೆಯನ್ನು ಮಾಲೀಕರ ಬಾಯಿಂದ ಕೇಳಿ ಬರೆಯದೆ, ಅಟ್ಟದ ಮೇಲಿನ ಕಿರ್ದಿ (ದಿನದ ಜಮಾಖರ್ಚಿನ) ಪುಸ್ತಕಗಳಿಂದ ಬರೆಯುತ್ತೇನೆ ಎಂದಾಗ ನಕ್ಕವರೇ ಹೆಚ್ಚು. ‘ಜಮಾಖರ್ಚನ್ನು ಯಾರು ಓದುತ್ತಾರೆ?’ ಎಂದು ನನ್ನಂತೆಯೇ ಸ್ಮರಣ ಸಂಚಿಕೆ ಬರೆದುಕೊಡುವ ಗೆಳೆಯರೊಬ್ಬರು ಕೇಳಿದ್ದರು. ಕಳೆದ ದೀಪಾವಳಿಗೆ ಹಾಕಿಸಿದ 600 ಪ್ರತಿಗಳಲ್ಲಿ ಈಗ ಮೂವತ್ತೋ ನಲವತ್ತೋ ಉಳಿದಿರಬೇಕು. ಆದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ಇದಕ್ಕೂ ಮೊದಲು ಕರಾವಳಿಯ ಒಂದು ಸಂಸ್ಥೆಗೆ ಎಲ್ಲರಂತೆಯೇ ಬರೆಯಹೋಗಿ ಕೈ ಸುಟ್ಟುಕೊಂಡಿದ್ದೆ. ಇಪ್ಪತ್ತಕ್ಕೂ ಹೆಚ್ಚು ಜನರನ್ನು ಮಾತಾಡಿಸಿದೆ. ಅಜ್ಜ ಬರಿಗೈಯಲ್ಲಿ ಬಂದು ಬೆವರು ಸುರಿಸಿದ ಕತೆಯನ್ನೇ ಎಲ್ಲರೂ ಹೇಳಿದರು. ಕೊನೆಗೆ ಯಾರ ತಂದೆಯ ಭಾವಚಿತ್ರ ದೊಡ್ಡದಾಗಿರಬೇಕೆಂದು ದಾಯಾದಿಗಳಲ್ಲಿ ಜಗಳವಾಗಿ ಪುಸ್ತಕವೇ ನಿಂತುಹೋಯಿತು, ನನಗೆ ಬರಬೇಕಾಗಿದ್ದ ಅರುವತ್ತು ಸಾವಿರದಷ್ಟು ಹಣ ಇಂದಿಗೂ ಬಂದಿಲ್ಲ. ಹಾಗಾಗಿ ಈ ಸಲ ಮೂರು ಕಂತು ಮಾಡಿ, ಮೊದಲನೆಯದನ್ನು ಅಟ್ಟ ಹತ್ತುವ ಮುನ್ನವೇ ಪಡೆದೆ. ದಾಖಲೆಯಲ್ಲಿ ಕಂಡ ಇಸವಿಯನ್ನು ಮಾಲೀಕರು ತಿದ್ದುವಂತಿಲ್ಲ ಎಂದೂ ಕರಾರಿನಲ್ಲಿ ಬರೆಸಿದೆ. ಒಟ್ಟು ಒಂದೂಮುಕ್ಕಾಲು ಲಕ್ಷ, ಮುದ್ರಣದ ವೆಚ್ಚ ಅವರದ್ದು.

ಟಾಟಾದವರು ಪುಣೆಯಲ್ಲಿಯೂ ಗೋದ್ರೇಜಿನವರು 2006ರಲ್ಲಿ ಮುಂಬಯಿಯಲ್ಲಿಯೂ ತಮ್ಮ ದಾಖಲೆಗಳಿಗೆಂದೇ ಸಂಗ್ರಹಾಲಯ ಕಟ್ಟಿಕೊಂಡರು. ನಮ್ಮ ವಖಾರಿಯ ಸಂಗ್ರಹಾಲಯವೆಂದರೆ ಹೊಗೆ ಹಿಡಿದ ಎರಡು ಮರದ ಪೆಟ್ಟಿಗೆಗಳು. ಕಿರ್ದಿಗಳು ಕನ್ನಡದಲ್ಲಿದ್ದರೂ ಮುಂಬಯಿ ವ್ಯಾಪಾರಿಗಳ ಪತ್ರಗಳು ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿದ್ದವು. ಅವನ್ನು ಓದಿಸಲು ಮೂವತ್ತು ಸಾವಿರದ ಹತ್ತಿರ ಹೋಯಿತು. ಹುಳ ಹಿಡಿದಿದ್ದ ಪುಸ್ತಕಗಳ ನಡುವೆ ಮೊದಲು ಲಾವಂಚದ ಬೇರು ಇಟ್ಟು ನೋಡಿದೆ. ಪುಸ್ತಕ ಘಮಘಮಿಸಿತು, ಹುಳ ಮಾತ್ರ ಸಾಯಲಿಲ್ಲ. ಆಮೇಲೆ ಗಾಳಿಯಾಡದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಪರಿಚಯದ ಐಸ್‌ಕ್ರೀಮ್ ಅಂಗಡಿಯ ಫ್ರೀಜರಿನಲ್ಲಿ ಎರಡು ವಾರ ಇರಿಸಿದ್ದು ಫಲಕೊಟ್ಟಿತು. ಮಾಸಿದ ಶಾಯಿಯನ್ನು ಓದಿದ ಬಗೆಯನ್ನು ಮಾತ್ರ ಹೇಳಲಾರೆ, ಅದು ನನ್ನ ಹೊಟ್ಟೆಪಾಡಿನ ಗುಟ್ಟು.

ಅಂಗಡಿಯ ಫಲಕದಲ್ಲಿ ‘ಸ್ಥಾಪನೆ 1926’ ಎಂದಿತ್ತು, ಮಾಲೀಕರಿಗೆ ಶತಮಾನೋತ್ಸವದ ಆಸೆಯೂ ಇತ್ತು. ಸಿಕ್ಕಿದ ಅತಿ ಹಳೆಯ ಕಿರ್ದಿ ಶಾಲಿವಾಹನ ಶಕ 1853ರ ಮಾಘ ಮಾಸದ್ದು. ನಾನು ಕಣ್ಣುಮುಚ್ಚಿ 78 ಕೂಡಿಸಿ 1931 ಎಂದು ಬರೆದೆ, ರಕ್ಷಾಪುಟವೂ ಅಚ್ಚಾಯಿತು. ಮಾಘ ಬರುವುದು ಇಸವಿ ಬದಲಾದ ಮೇಲೆ, ಆದ್ದರಿಂದ ಅದು 1932 ಆಗಬೇಕು ಎಂಬುದು ಹೊಳೆದದ್ದು ಆಮೇಲೆ. ರಕ್ಷಾಪುಟವನ್ನು ಮತ್ತೆ ಅಚ್ಚು ಹಾಕಿಸಲು ಎಂಟೊಂಬತ್ತು ಸಾವಿರ ನನ್ನ ಕಿಸೆಯಿಂದಲೇ ಹೋಯಿತು. ಮಾಲೀಕರು ಮೂರು ದಿನ ನನ್ನೊಡನೆ ಮಾತನಾಡಲಿಲ್ಲ. ಅವರನ್ನು ಸಮಾಧಾನಪಡಿಸಿದ್ದು ಅದೇ ಕಿರ್ದಿಯ ಮೊದಲ ಸಾಲು: ಅಲ್ಲಿ ಹಿಂದಿನ ಪುಸ್ತಕದಿಂದ ತಂದ ಶಿಲ್ಕು (ಉಳಿಕೆ ಹಣ) ನಮೂದಾಗಿತ್ತು. ಅಂದರೆ ಅದಕ್ಕೂ ಮೊದಲು ಒಂದು ಪುಸ್ತಕವಿತ್ತು, ವ್ಯಾಪಾರವೂ ಇತ್ತು. ‘1932ಕ್ಕೂ ಮೊದಲಿನಿಂದ’ ಎಂದು ಬರೆಯಲು ಇಬ್ಬರೂ ಒಪ್ಪಿದೆವು.

ಕಿರ್ದಿಯ ನಿಜವಾದ ಉಪಯೋಗ ತಿಳಿದದ್ದು ನಿವೃತ್ತ ಗುಮಾಸ್ತರೊಬ್ಬರ ಜಗಲಿಯಲ್ಲಿ. ‘ಹಳೆಯದನ್ನು ನೆನಪು ಮಾಡಿಕೊಳ್ಳಿ’ ಎಂದು ಕೇಳಿದರೆ ಅವರು ಜಾತ್ರೆಯ ಮಾತು ತೆಗೆಯುತ್ತಿದ್ದರು. ಒಂದು ದಿನ ಏನನ್ನೂ ಕೇಳದೆ, ಮಣ ಹೋಗಿ ಕಿಲೋ ಬಂದ ಕಾಲದ ‘ತಕ್ಕಡಿ ಕಲ್ಲು ಖರೀದಿ’ ಎಂಬ ಸಾಲನ್ನು ಗಟ್ಟಿಯಾಗಿ ಓದಿದೆ. ಅವರು ಬಾಯಲ್ಲಿದ್ದ ಕವಳವನ್ನು ಉಗಿದು ಬಂದು, ‘ತಮಾ, ಆ ವರ್ಷ ಎಲ್ಲ ಚೀಲವನ್ನೂ ಎರಡೆರಡು ಸಲ ತೂಗಿದ್ದು. ಕಿಲೋ ಲೆಕ್ಕವನ್ನು ತೋಟದವರು ನಂಬುತ್ತಲೇ ಇರಲಿಲ್ಲ’ ಎಂದರು. ಅಲ್ಲಿಂದ ಮುಂದೆ ಎರಡು ಗಂಟೆ, ಕುಮಟೆಗೆ ಹೋಗುತ್ತಿದ್ದ ಗಾಡಿಗಳ ಬಾಡಿಗೆ, ದೇವಿಮನೆ ಘಟ್ಟದಲ್ಲಿ ಮಳೆಗೆ ನೆನೆದ ಚಾಲಿ ಅಡಿಕೆ, 1957ರಲ್ಲಿ ನಯಾ ಪೈಸೆ ಬಂದಾಗ ಆಣೆಯ ಪಕ್ಕದಲ್ಲೇ ಇನ್ನೊಂದು ಕಾಲಂ ಎಳೆದು ಹಿರಿಯ ಗುಮಾಸ್ತರು ಪಟ್ಟ ಪಾಡು, ಎಲ್ಲವೂ ಬಂದವು. ಅಡಿಕೆಗೆ ದರ ಕಟ್ಟುವ ಟೆಂಡರಿನ ಹೊತ್ತಿನಲ್ಲಿ ವಖಾರಿಯಲ್ಲೇ ಧ್ವನಿಮುದ್ರಣ ಮಾಡಲು ಹೋದದ್ದು ಮಾತ್ರ ವ್ಯರ್ಥವಾಯಿತು. ರಾಶಿ, ಬೆಟ್ಟೆ ಎಂಬ ಅಡಿಕೆ ಬಗೆಗಳ ದರದ ಕೂಗಿನ ಹೊರತು ಏನೂ ಕೇಳಿಸದು.

ಪುಸ್ತಕವನ್ನು ದೀಪಾವಳಿಯ ಲೆಕ್ಕದ ಪುಸ್ತಕ ಪೂಜೆಯ ದಿನ ತೋಟದವರಿಗೆ ಹಂಚಿದರು. ತಮ್ಮ ಅಜ್ಜನ ಚೀಲದ ಲೆಕ್ಕವಿರುವ ಪುಟವನ್ನು ಹುಡುಕಿ ತೆಗೆದವರನ್ನು ನಾನೇ ಕಂಡಿದ್ದೇನೆ. ಮಾಲೀಕರಿಗೆ ಹೆಚ್ಚು ಲಾಭವಾದದ್ದು ಬೇರೆ ಕಡೆ: ಚೀಲದ ಮೇಲಿನ ಛಾಪಿನ ಬಗ್ಗೆ ದಾಯಾದಿಯೊಬ್ಬರು ತಕರಾರು ತೆಗೆದಾಗ, ಟ್ರೇಡ್‌ಮಾರ್ಕಿನಲ್ಲಿ ಮೊದಲು ಬಳಸಿದವನ ಹಕ್ಕೇ ಗಟ್ಟಿಯೆಂದು ವಕೀಲರು ಕೇಳಿ ಪಡೆದದ್ದು ನಾನು ವರ್ಷವಾರು ಜೋಡಿಸಿಟ್ಟ ಹಳೆಯ ಬಿಲ್ಲುಗಳನ್ನು. ಪೆಟ್ಟಿಗೆಗಳು ಈಗ ಅಟ್ಟದಿಂದ ಇಳಿದು ಗೋದ್ರೇಜ್ ಬೀರು ಸೇರಿವೆ. ಮತ್ತೊಂದು ವಖಾರಿಯಿಂದ ಕರೆ ಬಂದಿದೆ; ಅಟ್ಟ ನೋಡದೆ ದರ ಹೇಳುವುದಿಲ್ಲ ಎಂದಿದ್ದೇನೆ.