ನರ್ಸಿಂಗ್ ಕಾಲೇಜಿನ ಎಸ್‌ಎನ್‌ಎ ಘಟಕ: ವಾರ್ಡಿನ ಸಮಸ್ಯೆಯನ್ನು ಸಂಘದ ಮೇಜಿಗೆ ಮುಟ್ಟಿಸುವುದು ಹೇಗೆ

ಬಹಳಷ್ಟು ನರ್ಸಿಂಗ್ ಕಾಲೇಜುಗಳಲ್ಲಿ ಎಸ್‌ಎನ್‌ಎ (ನರ್ಸಿಂಗ್ ವಿದ್ಯಾರ್ಥಿಗಳ ಸಂಘ) ಅಂದರೆ ಫ್ರೆಶರ್ಸ್ ಡೇ, ಮೇ 12ರ ನರ್ಸಸ್ ಡೇ, ರಂಗೋಲಿ ಸ್ಪರ್ಧೆ, ಕೊನೆಗೊಂದು ಗ್ರೂಪ್ ಫೋಟೊ. ಇವೆಲ್ಲ ಬೇಕು. ಆದರೆ ಸ್ಟೂಡೆಂಟ್ ನರ್ಸಸ್ ಅಸೋಸಿಯೇಷನ್ 1929ರಲ್ಲಿ ಶುರುವಾದದ್ದು ಟ್ರೇನ್ಡ್ ನರ್ಸಸ್ ಅಸೋಸಿಯೇಷನ್ ಆಫ್ ಇಂಡಿಯಾದ, ಅಂದರೆ ಟಿಎನ್‌ಎಐನ, ವಿದ್ಯಾರ್ಥಿ ಸಂಘಟನೆಯಾಗಿ. 1908ರಿಂದ ನಡೆದುಬಂದಿರುವ ಟಿಎನ್‌ಎಐ ದೇಶದ ನರ್ಸ್‌ಗಳ ಸಂಘ. ವೃತ್ತಿಯ ಘನತೆ ಕಾಯುವುದು, ವಿದ್ಯಾರ್ಥಿಗಳಲ್ಲಿ ಒಗ್ಗಟ್ಟು ಬೆಳೆಸುವುದು, ಮುಂದಾಳತ್ವ ಕಲಿಸುವುದು ಎಸ್‌ಎನ್‌ಎಯ ಉದ್ದೇಶಗಳಲ್ಲೇ ಇವೆ. ಕಾಲೇಜಿನ ಘಟಕ, ರಾಜ್ಯ ಶಾಖೆ, ರಾಷ್ಟ್ರ ಮಟ್ಟ ಎಂದು ಮೂರು ಮೆಟ್ಟಿಲುಗಳಿವೆ. ವಿದ್ಯಾರ್ಥಿಗಳ ಕಷ್ಟ ಮೊದಲ ಮೆಟ್ಟಿಲಲ್ಲೇ ನಿಂತುಬಿಡುವುದಕ್ಕೆ ಯಾರಾದರೂ ತಡೆದದ್ದು ಕಾರಣವಾಗುವುದು ಅಪರೂಪ. ಹೆಚ್ಚಿನ ಸಲ ಅದನ್ನು ಯಾರೂ ತಾರೀಕು ಹಾಕಿ ಬರೆದಿಟ್ಟಿರುವುದಿಲ್ಲ, ಅಷ್ಟೇ.

ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಭಾಷಣ ಮಾಡುವುದಕ್ಕಿಂತ ಬರೆದಿಡುವುದರ ಮಾತೇ ಹೆಚ್ಚು.

ಯಾರು ಇರಬೇಕು, ಯಾವಾಗ ಆರಿಸಬೇಕು

ಬಹುತೇಕ ಕಡೆ ಪ್ರಿನ್ಸಿಪಾಲರೇ ಘಟಕದ ಅಧ್ಯಕ್ಷರು. ಟಿಎನ್‌ಎಐ ಸದಸ್ಯರಾದ ಒಬ್ಬ ಬೋಧಕರು ಅಡ್ವೈಸರ್. ಉಪಾಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ವಿದ್ಯಾರ್ಥಿಗಳು. ಪತ್ರ ಹೊರಡುವುದು ಕಾರ್ಯದರ್ಶಿಯ ಕೈಯಿಂದ, ಹೊರಗೆ ಹೋಗುವುದು ಅಡ್ವೈಸರ್ ಮೂಲಕ. ಆದ್ದರಿಂದ ಈ ಇಬ್ಬರ ನಡುವೆ ಹೊಂದಾಣಿಕೆ ಇದ್ದರೆ ಅರ್ಧ ಕೆಲಸ ಆದಂತೆ. ತಿಂಗಳಿಗೊಮ್ಮೆ ಅಡ್ವೈಸರ್ ಮೇಡಂ ಹತ್ತಿರ ಇಪ್ಪತ್ತು ನಿಮಿಷ ಸಮಯ ಕೇಳಿಟ್ಟುಕೊಳ್ಳಿ. ಸಮಸ್ಯೆ ಬಂದಾಗ ಮಾತ್ರ ಹೋದರೆ ನಿಮ್ಮ ಮುಖ ಕಂಡ ಕೂಡಲೇ ಅವರಿಗೆ ಆತಂಕವಾಗುತ್ತದೆ.

ಕಾರ್ಯದರ್ಶಿ ಕೊನೆಯ ವರ್ಷದವರೇ ಆಗಬೇಕೆಂಬ ರೂಢಿ ಬಿಡಿ. ಬಿಎಸ್‌ಸಿ ನರ್ಸಿಂಗ್‌ನ ಈಗಿನ ಸೆಮಿಸ್ಟರ್ ಪದ್ಧತಿಯಲ್ಲಿ 8ನೇ ಸೆಮಿಸ್ಟರ್ ಇಂಟರ್ನ್‌ಶಿಪ್‌ಗೆ ಹೋಗುತ್ತದೆ. ಆಗ ಸಭೆ ಕರೆಯುವವರೂ ಸಿಗುವುದಿಲ್ಲ, ಕೂರುವವರೂ ಸಿಗುವುದಿಲ್ಲ. 5ನೇ ಸೆಮಿಸ್ಟರ್‌ನವರು ಕಾರ್ಯದರ್ಶಿ, 3ನೇ ಸೆಮಿಸ್ಟರ್‌ನವರು ಸಹ ಕಾರ್ಯದರ್ಶಿ ಆದರೆ ಮರುವರ್ಷಕ್ಕೆ ಕೆಲಸ ಕಲಿತವರೊಬ್ಬರು ತಯಾರಿರುತ್ತಾರೆ. ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ ಡಿಪ್ಲೊಮಾ) ಕೋರ್ಸ್ ಇರುವ ಕಾಲೇಜಿನಲ್ಲಿ ಒಂದು ಹುದ್ದೆಯನ್ನಾದರೂ ಆ ವಿದ್ಯಾರ್ಥಿಗಳಿಗೆ ಮೀಸಲಿಡಿ. ಇಲ್ಲವಾದರೆ ಬಿಎಸ್‌ಸಿಯವರ ಸಂಖ್ಯಾಬಲದಲ್ಲಿ ಅವರ ದನಿ ಅಡಗಿಹೋಗುತ್ತದೆ.

ಚುನಾವಣೆ ಗುಪ್ತ ಮತದಾನದಲ್ಲೇ ನಡೆಯಲಿ. ತರಗತಿಯಲ್ಲಿ ಕೈ ಎತ್ತಿಸಿದರೆ ಜೂನಿಯರ್‌ಗಳು ಸೀನಿಯರ್‌ಗಳ ಮುಖ ನೋಡಿ ಕೈ ಎತ್ತುತ್ತಾರೆ. ನಾಮಪತ್ರಕ್ಕೆ ಒಂದು ವಾರ, ಪರಿಚಯಕ್ಕೆ ಒಂದು ವಾರ ಕೊಡಿ. ಮತ ಹಾಕಲು ಒಂದೇ ದಿನ ಸಾಕು, ಆದರೆ ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮುಂಚೆ ಒಮ್ಮೆ, ಸಂಜೆ ಹಾಸ್ಟೆಲ್‌ನಲ್ಲಿ ಒಮ್ಮೆ, ಹೀಗೆ ಎರಡು ಹೊತ್ತು ಇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಮ್ಯೂನಿಟಿ ಪೋಸ್ಟಿಂಗ್ ಹೋದ ಬ್ಯಾಚ್ ಪ್ರತಿ ವರ್ಷ ಮತದಿಂದ ತಪ್ಪುತ್ತದೆ. ರೋಟೇಷನ್ ಪ್ಲಾನ್ ಮುಂದಿಟ್ಟುಕೊಂಡು ತಾರೀಕು ಗೊತ್ತುಮಾಡಿದರೆ ಹಾಗಾಗುವುದಿಲ್ಲ.

ಭಾಷೆಯ ಮಾತೂ ಇದೆ. ಬೆಂಗಳೂರು, ಮಂಗಳೂರಿನ ಕಾಲೇಜುಗಳಲ್ಲಿ ಕೇರಳದವರು, ಈಶಾನ್ಯ ರಾಜ್ಯದವರು, ಬಂಗಾಳದವರು ಬಹಳ. ರಾಯಚೂರು, ಕೊಪ್ಪಳ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರೂ ಅದೇ ಬೆಂಚಿನಲ್ಲಿರುತ್ತಾರೆ. ಸಭೆ ಇಡೀ ಇಂಗ್ಲಿಷ್‌ನಲ್ಲಿ ನಡೆದರೆ ಈ ಮಕ್ಕಳು ವರ್ಷವಿಡೀ ಬಾಯಿ ಬಿಡುವುದಿಲ್ಲ, ಬರೀ ಕನ್ನಡದಲ್ಲಿ ನಡೆದರೆ ಹೊರಗಿನಿಂದ ಬಂದವರು ಬಿಡುವುದಿಲ್ಲ. ಯಾರು ಯಾವ ಭಾಷೆಯಲ್ಲಾದರೂ ಮಾತಾಡಲಿ. ತೀರ್ಮಾನವನ್ನು ಮಾತ್ರ ಕಾರ್ಯದರ್ಶಿ ಇಂಗ್ಲಿಷ್, ಕನ್ನಡ ಎರಡರಲ್ಲೂ ಗಟ್ಟಿಯಾಗಿ ಓದಬೇಕು, ಬೇಕಾದಲ್ಲಿ ಹಿಂದಿ ಅಥವಾ ಮಲಯಾಳದಲ್ಲಿ ಒಬ್ಬರು ಹೇಳಬೇಕು. ಐದು ನಿಮಿಷ ಹೆಚ್ಚಿಗೆ ಹಿಡಿಯುತ್ತದೆ, ಖಂಡಿತ ಅಷ್ಟು ಕೊಡಿ.

ನಡಾವಳಿ ಪುಸ್ತಕ

ಸಭೆಗೆ ಏಳು ದಿನ ಮುಂಚೆ ನೋಟಿಸ್ ಹಾಕಿ. ವಿಷಯಪಟ್ಟಿಯಲ್ಲಿ ನಾಲ್ಕಕ್ಕಿಂತ ಹೆಚ್ಚು ವಿಷಯ ಬೇಡ. ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, ಎಷ್ಟೆಂದು ಘಟಕದ ನಿಯಮದಲ್ಲಿ ಮೊದಲೇ ಬರೆದುಕೊಳ್ಳಿ. ಸಮಿತಿಯ ಅರ್ಧದಷ್ಟು ಜನ ಮತ್ತು ಪ್ರತಿ ಬ್ಯಾಚ್‌ನಿಂದ ಒಬ್ಬರು ಎಂದು ಇಟ್ಟುಕೊಂಡರೆ ಒಂದೇ ಬ್ಯಾಚ್ ಕೂತು ಎಲ್ಲರ ಪರವಾಗಿ ತೀರ್ಮಾನಿಸುವುದು ತಪ್ಪುತ್ತದೆ.

ನಡಾವಳಿ ಬರೆಯುವಾಗಲೇ ಹೆಚ್ಚು ಜನ ಎಡವುತ್ತಾರೆ. ‘ವಾರ್ಡ್ ಸಮಸ್ಯೆಗಳ ಬಗ್ಗೆ ಚರ್ಚಿಸಲಾಯಿತು, ಸೂಕ್ತ ಕ್ರಮ ಕೈಗೊಳ್ಳಲು ನಿರ್ಧರಿಸಲಾಯಿತು’ ಎಂದು ಬರೆದರೆ ಆರು ತಿಂಗಳ ಮೇಲೆ ಅದನ್ನು ಓದಿದವರಿಗೆ ಏನೂ ತಿಳಿಯದು. ಅದೇ ಸಂಗತಿ ಹೀಗಿರಲಿ: ‘ರಾತ್ರಿ ಡ್ಯೂಟಿಯಲ್ಲಿ ಸೂಜಿ ಚುಚ್ಚಿದರೆ ಯಾರಿಗೆ ಫೋನ್ ಮಾಡಬೇಕೆಂದು 3ನೇ ಸೆಮಿಸ್ಟರ್‌ನವರಿಗೆ ಗೊತ್ತಿಲ್ಲ. 15 ದಿನ ಮಾಹಿತಿ ಸಂಗ್ರಹ, ಜವಾಬ್ದಾರಿ ಸಹ ಕಾರ್ಯದರ್ಶಿಯದು. 20ನೇ ತಾರೀಕಿನ ಸಭೆಗೆ ಪತ್ರದ ಕರಡು.’ ಏನು, ಯಾರು, ಯಾವಾಗ ಮೂರೂ ಅದರಲ್ಲಿವೆ. ಸಭೆ ಮುಗಿದ ಎರಡು ದಿನದೊಳಗೆ ಬರೆದು ಮುಗಿಸಿ, ಮುಂದಿನ ಸಭೆಯಲ್ಲಿ ಓದಿ ಸಹಿ ಮಾಡಿಸಿ. ಬಿಡಿ ಹಾಳೆ ಬೇಡ, ಪುಟ ಸಂಖ್ಯೆ ಹಾಕಿದ ದಪ್ಪ ರಟ್ಟಿನ ಪುಸ್ತಕವೇ ಇರಲಿ.

ಒಂದು ಸಮಸ್ಯೆಯನ್ನು ಮೊದಲಿಂದ ಕೊನೆವರೆಗೆ

ಸೂಜಿ ಚುಚ್ಚುವ ಸಮಸ್ಯೆಯನ್ನೇ ತೆಗೆದುಕೊಳ್ಳೋಣ. ಇಲ್ಲಿ ಹೊತ್ತಿಗೆ ಬೆಲೆಯಿದೆ. ಎಚ್‌ಐವಿ ತಡೆ ಔಷಧ ಬೇಕೆಂದಾದರೆ ಸಾಧ್ಯವಾದಷ್ಟೂ 2 ಗಂಟೆಯೊಳಗೆ, ಎಷ್ಟೇ ತಡವಾದರೂ 72 ಗಂಟೆಯೊಳಗೆ ಶುರುವಾಗಬೇಕು, 28 ದಿನ ನಡೆಯಬೇಕು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ 0, 1, 6ನೇ ತಿಂಗಳಲ್ಲಿ ಆಗಬೇಕು. ಮೂರನೆಯದನ್ನು ಮರೆತವರು ಪ್ರತಿ ಬ್ಯಾಚ್‌ನಲ್ಲೂ ಇರುತ್ತಾರೆ. ರಾತ್ರಿ ಎರಡು ಗಂಟೆಗೆ ಸೂಜಿ ಚುಚ್ಚಿಸಿಕೊಂಡ ಹತ್ತೊಂಬತ್ತರ ಹುಡುಗಿ ಬೈಗುಳಕ್ಕೆ ಹೆದರಿ ನಲ್ಲಿ ನೀರಲ್ಲಿ ಕೈ ತೊಳೆದು ಸುಮ್ಮನಾದರೆ ಆ 2 ಗಂಟೆ ಅಲ್ಲೇ ಕಳೆದುಹೋಗುತ್ತದೆ. ವಿದ್ಯಾರ್ಥಿ ಸಂಘ ಇರಬೇಕಾದದ್ದು ಇಂಥ ಹೊತ್ತಿಗೆ.

ಮೊದಲು ಮಾಹಿತಿ. ಒಂದು ಹಾಳೆಯಲ್ಲಿ ತಾರೀಕು, ಶಿಫ್ಟ್, ವಾರ್ಡ್, ಏನು ಮಾಡುವಾಗ ಚುಚ್ಚಿತು, ಯಾರಿಗಾದರೂ ತಿಳಿಸಿದರೇ, ಲಸಿಕೆ ಎಷ್ಟು ಡೋಸ್ ಆಗಿದೆ ಎಂದು ಆರು ಕಾಲಂ ಎಳೆಯಿರಿ. ವಿದ್ಯಾರ್ಥಿಯ ಹೆಸರು ಬೇಡ, ರೋಗಿಯ ಹೆಸರಂತೂ ಬೇಡವೇ ಬೇಡ. ಆ ಅವಧಿಯಲ್ಲಿ ಒಟ್ಟು ಎಷ್ಟು ಮಂದಿ ಪೋಸ್ಟಿಂಗ್‌ನಲ್ಲಿದ್ದರು ಎಂಬುದನ್ನೂ ಬರೆಯಿರಿ. ‘ನಾಲ್ವರಿಗೆ ಚುಚ್ಚಿತು’ ಎಂದಷ್ಟೇ ಹೇಳಿದರೆ ‘ನಾನೂರು ಜನರಲ್ಲಿ ನಾಲ್ಕು ತಾನೇ’ ಎಂಬ ಉತ್ತರ ಬರಬಹುದು, ಇದ್ದದ್ದು ಅರವತ್ತೇ ಜನ ಎಂದು ತೋರಿಸಿದರೆ ಆ ಮಾತಿಗೆ ಎಡೆಯಿಲ್ಲ. ಏನು ಮಾಡುವಾಗ ಎಂಬ ಕಾಲಂ ಬಿಡಬೇಡಿ. ಕ್ಯಾಪ್ ಮತ್ತೆ ಹಾಕುವಾಗ ಚುಚ್ಚಿದ್ದರೆ ಪರಿಹಾರ ತರಬೇತಿ. ಚೂಪು ವಸ್ತುಗಳ ಬಿಳಿ ಡಬ್ಬಿ ಮುಕ್ಕಾಲು ದಾಟಿ ತುಂಬಿದ್ದರಿಂದ ಚುಚ್ಚಿದ್ದರೆ ಪರಿಹಾರ ಡಬ್ಬಿ ಬದಲಿಸುವ ವೇಳಾಪಟ್ಟಿ. ಕಾರಣ ಬೇರೆಯಾದರೆ ಕೇಳಿಕೆಯೂ ಬೇರೆ.

ಆಮೇಲೆ ಪತ್ರ. ಒಂದೇ ಪುಟ, ಒಂದೇ ವಿಷಯ. ಊಹೆಯ ಅಂಕಿ ಹಾಕಿ ಬರೆದ ಮಾದರಿ ಇದು:

‘ಮಾನ್ಯ ಪ್ರಾಂಶುಪಾಲರಿಗೆ, ಎಸ್‌ಎನ್‌ಎ ಅಡ್ವೈಸರ್ ಅವರ ಮೂಲಕ. ವಿಷಯ: ರಾತ್ರಿ ಡ್ಯೂಟಿಯ ವಿದ್ಯಾರ್ಥಿಗಳಿಗೆ ಸೂಜಿ ಚುಚ್ಚಿದಾಗ ಅನುಸರಿಸಬೇಕಾದ ಕ್ರಮ. ಮಾನ್ಯರೇ, 1ರಿಂದ 15ನೇ ತಾರೀಕಿನವರೆಗೆ ಮೆಡಿಕಲ್ ಮತ್ತು ಸರ್ಜಿಕಲ್ ವಾರ್ಡ್‌ಗಳಲ್ಲಿದ್ದ 60 ವಿದ್ಯಾರ್ಥಿಗಳಲ್ಲಿ 4 ಮಂದಿಗೆ ಸೂಜಿ ಚುಚ್ಚಿದೆ. ಮೂವರು ಯಾರಿಗೂ ತಿಳಿಸಿಲ್ಲ. ಯಾರಿಗೆ ತಿಳಿಸಬೇಕೆಂದು ಗೊತ್ತಿರಲಿಲ್ಲ ಎಂಬುದೇ ಮೂವರೂ ಕೊಟ್ಟ ಕಾರಣ. ಪ್ರತಿ ವಾರ್ಡಿನ ನರ್ಸಿಂಗ್ ಸ್ಟೇಷನ್‌ನಲ್ಲಿ ಫೋನ್ ನಂಬರ್ ಸಹಿತ ಒಂದು ಸೂಚನಾಪಟ್ಟಿ ಹಾಕಿಸಬೇಕೆಂದೂ, ಲಸಿಕೆ ಬಾಕಿ ಇರುವವರಿಗೆ ಪೋಸ್ಟಿಂಗ್‌ಗೆ ಮುಂಚೆ ಡೋಸ್ ಕೊಡಿಸಬೇಕೆಂದೂ ಕೋರುತ್ತೇವೆ. ಪಟ್ಟಿ ಬರೆಯುವ, ಲಸಿಕೆ ದಾಖಲೆ ಒಟ್ಟುಮಾಡುವ ಕೆಲಸವನ್ನು ಎಸ್‌ಎನ್‌ಎ ಮಾಡಿಕೊಡುತ್ತದೆ.’

ಕೊನೆಯ ವಾಕ್ಯ ನೋಡಿ. ಕೆಲಸದ ಒಂದು ಪಾಲು ನೀವೇ ಹೊತ್ತರೆ ಇಲ್ಲ ಎನ್ನುವುದು ಕಷ್ಟ. ಪ್ರತಿಗಳನ್ನು ನರ್ಸಿಂಗ್ ಸೂಪರಿಂಟೆಂಡೆಂಟ್ ಅವರಿಗೂ ಆಸ್ಪತ್ರೆಯ ಸೋಂಕು ನಿಯಂತ್ರಣ ಸಮಿತಿಗೂ ಕಳುಹಿಸಬೇಕು, ಆದರೆ ಪ್ರಾಂಶುಪಾಲರನ್ನು ಕೇಳಿಯೇ ಕಳುಹಿಸಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ, ತಾರೀಕು ಹಾಕಿಸಿಕೊಳ್ಳಿ. 15 ದಿನ ಕಾದು ಒಂದು ನೆನಪೋಲೆ ಕೊಡಿ. ಮತ್ತೆ 15 ದಿನವಾದರೂ ಉತ್ತರ ಬರದಿದ್ದರೆ ಮೂವರು ಪದಾಧಿಕಾರಿಗಳು ಹೋಗಿ ಭೇಟಿಯಾಗಿ.

ಕೆಲಸ ಕೆಡುವುದು ಎಲ್ಲಿ ಎಂಬುದೂ ತಿಳಿದಿರಲಿ. ನಲವತ್ತು ಜನ ಗುಂಪಾಗಿ ಚೇಂಬರ್‌ಗೆ ನುಗ್ಗಿದರೆ ಸೂಜಿಯ ವಿಷಯ ಹೋಗಿ ಶಿಸ್ತಿನ ವಿಷಯ ಬರುತ್ತದೆ. ಒಬ್ಬ ಇನ್‌ಚಾರ್ಜ್ ಸಿಸ್ಟರ್ ಹೆಸರು ಹಿಡಿದು ದೂರಿದರೆ ಇಡೀ ವಾರ್ಡ್ ಸ್ಟಾಫ್ ಅವರ ಬೆನ್ನಿಗೆ ನಿಲ್ಲುತ್ತದೆ, ಮಾರನೆಯ ದಿನ ಅದೇ ವಾರ್ಡಿನಲ್ಲಿ ಕಲಿಯಬೇಕಾದವರು ನಿಮ್ಮ ಜೂನಿಯರ್‌ಗಳು. ಸೂಜಿಯ ಜತೆಗೆ ಮೆಸ್ ಸಾಂಬಾರು, ಹಾಸ್ಟೆಲ್ ಗೇಟಿನ ಸಮಯವನ್ನೂ ಒಂದೇ ಪತ್ರದಲ್ಲಿ ತುರುಕಿದರೆ ಸಾಂಬಾರು ಸರಿಹೋಗುತ್ತದೆ, ಸೂಜಿ ಹಾಗೇ ಉಳಿಯುತ್ತದೆ. ವಾರ್ಡಿನ ಫೋಟೊ ತೆಗೆದು ವಾಟ್ಸ್ಯಾಪ್‌ಗೆ ಹಾಕಿದರೆ, ಅದರಲ್ಲೊಬ್ಬ ರೋಗಿಯ ಮುಖ ಕಂಡರೂ ತಪ್ಪು ನಿಮ್ಮದೇ ಆಗುತ್ತದೆ.

ರ‍್ಯಾಗಿಂಗ್ ಮತ್ತು ಲೈಂಗಿಕ ಕಿರುಕುಳ ಈ ದಾರಿಗೆ ಸೇರಿದವಲ್ಲ. ಅವುಗಳಿಗೆ ಮಾಹಿತಿ ಸಂಗ್ರಹ, ಸಭೆ, 15 ದಿನದ ಕಾಯುವಿಕೆ ಯಾವುದೂ ಬೇಡ. ರ‍್ಯಾಗಿಂಗ್ ಆದರೆ ಅಂದೇ ಕಾಲೇಜಿನ ಆ್ಯಂಟಿ ರ‍್ಯಾಗಿಂಗ್ ಸಮಿತಿಗೆ ಅಥವಾ ರಾಷ್ಟ್ರೀಯ ಸಹಾಯವಾಣಿ 1800-180-5522ಕ್ಕೆ ತಿಳಿಸಿ. ಕಿರುಕುಳವಾದರೆ ಆಂತರಿಕ ದೂರು ಸಮಿತಿಗೆ ಹೋಗಿ. ಎಸ್‌ಎನ್‌ಎ ಪದಾಧಿಕಾರಿಯ ಕೆಲಸ ಜತೆಗೆ ಹೋಗುವುದು, ಕೇಳಿದ್ದನ್ನು ಬೇರೆ ಯಾರಿಗೂ ಹೇಳದಿರುವುದು.

ಯಾರನ್ನು ಏನು ಕೇಳಬೇಕು

ಟಿಎನ್‌ಎಐ ಆಗಲಿ ಎಸ್‌ಎನ್‌ಎ ಆಗಲಿ ಪಠ್ಯಕ್ರಮ ಬದಲಿಸಲಾರವು, ಪರೀಕ್ಷೆ ಮುಂದೂಡಲಾರವು. ಸಂಬಂಧಪಟ್ಟವರ ಮುಂದೆ ವೃತ್ತಿಯ ಪರವಾಗಿ ಮಾತಾಡಬಲ್ಲವು. ಪಠ್ಯಕ್ರಮ, ಕ್ಲಿನಿಕಲ್ ಗಂಟೆಗಳ ಮಾತು ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನದು. ಬಿಎಸ್‌ಸಿ ಪರೀಕ್ಷೆ ನಮ್ಮಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೈಯಲ್ಲಿದೆ, ಜಿಎನ್‌ಎಂಗೆ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ ಬೇರೆಯಿದೆ. ಓದು ಮುಗಿದ ಮೇಲಿನ ನೋಂದಣಿ ರಾಜ್ಯ ನರ್ಸಿಂಗ್ ಕೌನ್ಸಿಲ್‌ನದು. ಡ್ಯೂಟಿ ಪಟ್ಟಿ, ಬಟ್ಟೆ ಬದಲಿಸುವ ಕೋಣೆ, ರಾತ್ರಿ ವಾಹನ ಇವೆಲ್ಲ ಕಾಲೇಜು, ಆಸ್ಪತ್ರೆಯಲ್ಲೇ ಬಗೆಹರಿಯಬೇಕಾದವು. ಅವನ್ನು ರಾಜ್ಯ ಶಾಖೆಗೆ ಹೊತ್ತೊಯ್ದರೆ ಅಲ್ಲಿಂದ ಅದೇ ಪ್ರಾಂಶುಪಾಲರ ಮೇಜಿಗೇ ವಾಪಸ್ ಬರುತ್ತವೆ, ಈ ಸಲ ಅವರ ಬೇಸರವನ್ನೂ ಹೊತ್ತುಕೊಂಡು.

ರಾಜ್ಯ ಮಟ್ಟಕ್ಕೆ ಒಯ್ಯಬೇಕಾದದ್ದು ಹಲವು ಕಾಲೇಜುಗಳಿಗೆ ಒಟ್ಟಾಗಿ ತಟ್ಟುವ ವಿಷಯ. ಅದೇ ಆರು ಕಾಲಂ ಹಾಳೆಯನ್ನು ಜಿಲ್ಲೆಯ ಇನ್ನೂ ನಾಲ್ಕೈದು ಘಟಕಗಳಿಗೆ ಕೊಟ್ಟು ತುಂಬಿಸಿ. ಐದು ಕಾಲೇಜುಗಳ ಪಟ್ಟಿ ಒಂದೇ ನಮೂನೆಯಲ್ಲಿದ್ದರೆ ಒಂದು ಗೊತ್ತುವಳಿಯಾಗುತ್ತದೆ. ಗೊತ್ತುವಳಿಯಲ್ಲಿ ಮೂರೇ ಸಾಲು ಸಾಕು: ಪರಿಸ್ಥಿತಿ ಏನು, ಯಾರು ಏನು ಮಾಡಬೇಕು, ಯಾವಾಗಿನೊಳಗೆ. ಅದು ಅಡ್ವೈಸರ್ ಮೂಲಕ ರಾಜ್ಯ ಎಸ್‌ಎನ್‌ಎ ಅಡ್ವೈಸರ್‌ಗೆ ಸಮ್ಮೇಳನಕ್ಕೆ ಸಾಕಷ್ಟು ಮೊದಲೇ ಮುಟ್ಟಬೇಕು. ಸಮ್ಮೇಳನದ ದಿನ ಮೈಕಿನ ಮುಂದೆ ಎದ್ದ ವಿಷಯಕ್ಕೆ ಚಪ್ಪಾಳೆ ಸಿಗುತ್ತದೆ, ಕಡತ ಸಂಖ್ಯೆ ಸಿಗುವುದಿಲ್ಲ.

ಸಮ್ಮೇಳನಕ್ಕೆ ಹೋಗುವವರು

ರಾಷ್ಟ್ರ ಮಟ್ಟದ ಎಸ್‌ಎನ್‌ಎ ಸಮ್ಮೇಳನ ಎರಡು ವರ್ಷಕ್ಕೊಮ್ಮೆ. ಭಾಷಣ, ಪ್ರಬಂಧ, ಕರಕುಶಲ, ಪ್ರದರ್ಶನ ಎಂದು ಸ್ಪರ್ಧೆಗಳಿರುವುದರಿಂದ ಹಾಡು, ಕುಣಿತ ಬಲ್ಲವರನ್ನೇ ಕಳುಹಿಸುವ ಪದ್ಧತಿ ಬೆಳೆದಿದೆ. ಅವರ ಜತೆ ನಡಾವಳಿ ಬರೆಯಬಲ್ಲ ಒಬ್ಬರಾದರೂ ಹೋಗಲೇಬೇಕು.

ಹೊರಡುವ ಮುಂಚೆ ಹಾಜರಾತಿ ಲೆಕ್ಕ ಹಾಕಿ. ಪರೀಕ್ಷೆಗೆ ಕೂರಲು 80 ಶೇಕಡಾ ಬೇಕು, ಪದವಿ ಕೈಗೆ ಬರುವ ಮುಂಚೆ ಕ್ಲಿನಿಕಲ್ ಹಾಜರಾತಿ 100 ಶೇಕಡಾ ಆಗಿರಬೇಕು. ಅಂದರೆ ತಪ್ಪಿದ ಡ್ಯೂಟಿಯನ್ನು ಒಂದಲ್ಲ ಒಂದು ದಿನ ಮಾಡಿಕೊಡಲೇಬೇಕು. ಯಾವ ವಾರ್ಡಿನಲ್ಲಿ, ಯಾವ ವಾರದಲ್ಲಿ ಎಂದು ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಬಳಿ ಹೊರಡುವ ಮೊದಲೇ ಬರೆಸಿಕೊಳ್ಳಿ. ಬಂದ ಒಂದು ವಾರದೊಳಗೆ ಎರಡು ಪುಟದ ವರದಿಯನ್ನು ಎಲ್ಲ ಬ್ಯಾಚ್‌ಗೂ ಓದಿ ಹೇಳಬೇಕು. ಆ ಪ್ರಯಾಣಕ್ಕೆ ಎಲ್ಲರ ದುಡ್ಡೂ ಹೋಗಿದೆ.

ಘಟಕದ ವರ್ಷದ ಚಟುವಟಿಕೆ ಬರೆದಿಡುವ ಎಸ್‌ಎನ್‌ಎ ಡೈರಿಯನ್ನು ಮೌಲ್ಯಮಾಪನಕ್ಕೆ ಕೊಡಬೇಕಾದ ವಾರದಲ್ಲಿ ಕೂತು ವರ್ಷದ ಕಥೆ ಕಟ್ಟಬೇಡಿ. ಕಾರ್ಯಕ್ರಮ ನಡೆದ ವಾರವೇ ತಾರೀಕು, ಹಾಜರಿದ್ದವರ ಸಂಖ್ಯೆ, ಖರ್ಚು, ಒಂದು ಫೋಟೊ ಅಂಟಿಸಿಬಿಡಿ. ನಂತರ ಬರೆದದ್ದು ಒಂದೇ ಶಾಯಿ, ಒಂದೇ ಕೈಬರಹದಿಂದ ತಾನೇ ಹೇಳಿಬಿಡುತ್ತದೆ.

ದುಡ್ಡು, ಸದಸ್ಯತ್ವ, ಹಸ್ತಾಂತರ

ಖಾತೆ ಖಜಾಂಚಿ ಮತ್ತು ಅಡ್ವೈಸರ್ ಇಬ್ಬರ ಹೆಸರಿನಲ್ಲಿ ಜಂಟಿಯಾಗಿರಲಿ. ವಿದ್ಯಾರ್ಥಿಯ ಸ್ವಂತ ಫೋನ್‌ಪೇಗೆ ಚಂದಾ ಹಾಕಿಸಿಕೊಳ್ಳುವುದು ಸುಲಭ, ಆದರೆ ಲೆಕ್ಕ ಕೇಳಿದಾಗ ಮನೆಯಿಂದ ಬಂದ ದುಡ್ಡೂ ಸಂಘದ ದುಡ್ಡೂ ಬೆರೆತಿರುತ್ತದೆ. ರಸೀದಿ ಇಲ್ಲದೆ ಹತ್ತು ರೂಪಾಯಿಯೂ ಹೊರಹೋಗಬಾರದು. ಪ್ರತಿ ಸಭೆಯಲ್ಲಿ ಜಮೆ, ಖರ್ಚು, ಉಳಿಕೆ ಓದಿ.

ಸದಸ್ಯರ ಪಟ್ಟಿ ಕಳುಹಿಸುವಾಗ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವಂತೆಯೇ, ಇನಿಷಿಯಲ್ ಸಹಿತ ಇರಲಿ. ಓದು ಮುಗಿಸಿ ಟಿಎನ್‌ಎಐ ಸದಸ್ಯತ್ವಕ್ಕೆ ಹೋಗುವಾಗ ಹೆಸರು ಹೊಂದದಿದ್ದರೆ ಅಲೆದಾಟ ಶುರು. ಕೊನೆಯ ವರ್ಷದವರಿಗೆ ಎಸ್‌ಎನ್‌ಎಯಿಂದ ಟಿಎನ್‌ಎಐಗೆ ಸದಸ್ಯತ್ವ ವರ್ಗಾಯಿಸುವ ಫಾರಂ ಕೈಗೆ ಕೊಟ್ಟು, ತುಂಬಿಸಿ, ವಾಪಸ್ ಪಡೆಯುವುದನ್ನು ಕಾರ್ಯದರ್ಶಿಯ ವರ್ಷದ ಕೊನೆಯ ಕೆಲಸವೆಂದು ಗೊತ್ತುಮಾಡಿ.

ಹೊಸ ಸಮಿತಿ ಬಂದ ದಿನ ಹಳೆಯ ಕಾರ್ಯದರ್ಶಿ, ಹೊಸ ಕಾರ್ಯದರ್ಶಿ, ಅಡ್ವೈಸರ್ ಮೂವರೂ ಒಂದೇ ಮೇಜಿಗೆ ಕೂರಬೇಕು. ನಡಾವಳಿ ಪುಸ್ತಕ, ಡೈರಿ, ಪಾಸ್‌ಬುಕ್, ರಸೀದಿ ಪುಸ್ತಕ, ಇಮೇಲ್ ಪಾಸ್‌ವರ್ಡ್, ಬೀರುವಿನ ಕೀಲಿ ಒಂದೊಂದಾಗಿ ಎಣಿಸಿ ಸಹಿ ಹಾಕಿ ಕೊಡಿ. ಬ್ಯಾಂಕಿನಲ್ಲಿ ಸಹಿ ಬದಲಿಸುವ ಅರ್ಜಿಯನ್ನೂ ಅಂದೇ ಕೊಡಿ. ಉತ್ತರ ಬರಬೇಕಾಗಿರುವ ಪತ್ರಗಳ ಪಟ್ಟಿ ಬೇರೆ ಹಾಳೆಯಲ್ಲಿರಲಿ: ಯಾವ ತಾರೀಕು ಕೊಟ್ಟದ್ದು, ನೆನಪೋಲೆ ಹೋಗಿದೆಯೇ, ಮುಂದಿನ ಹೆಜ್ಜೆ ಯಾವತ್ತು. ಆ ಹಾಳೆಯನ್ನು ನಡಾವಳಿ ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿ.