ಕಚ್ಚಿಕೊಂಡ ವೀಲ್ ನಟ್ಟು, ಮುರಿದ ಸ್ಟಡ್ಡು: ಉಸ್ತಾದ್ ನಕ್ಕ ಕೆಲಸ ನಾನು ಮಾಡಿ ಮುಗಿಸಿದ್ದು

ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದ ವರ್ಷ, ಅಂದರೆ 2024. ಆಗಸ್ಟ್‌ನಲ್ಲಿ ಗೇಟಿನ ಚೈನ್ ಕಡಿದಾಗ ಇಡೀ ಕಾರಟಗಿ ಗಂಗಾವತಿ ಕಡೆ ಎಲ್ಲರ ಬಾಯಲ್ಲೂ ಅದೇ ಮಾತು. ನಮ್ಮ ಗ್ಯಾರೇಜಿಗೆ ಬಂದವರೆಲ್ಲ ತುಕ್ಕಿನ ಬಗ್ಗೆ ನನಗೇ ಪಾಠ ಹೇಳಿ ಹೋಗುತ್ತಿದ್ದರು. ಪುಣ್ಯಕ್ಕೆ ಬೆಳೆ ಉಳಿಯಿತು. ನವೆಂಬರ್ ಕೊನೆಗೆ ಭತ್ತದ ಕೊಯ್ಲು ಜೋರಾಗಿದ್ದಾಗ ಒಂದು ರೈಸ್ ಮಿಲ್ಲಿನ ಹಳೆ ಟಾಟಾ ಲಾರಿ ನನ್ನ ಅಂಗಳಕ್ಕೆ ಬಂತು. ಬಂತು ಅನ್ನುವುದಕ್ಕಿಂತ ಎಳೆದು ತಂದರು ಅನ್ನಬೇಕು.

ಎಡಗಡೆ ಹಿಂದಿನ ಜೋಡಿ ಚಕ್ರ. ಒಳಗಿನ ಟೈರ್ ಪಂಕ್ಚರ್. ಹತ್ತು ನಟ್ಟಿನಲ್ಲಿ ನಾಲ್ಕು ಬಿಚ್ಚಿದ್ದವು, ಮೂರು ಸ್ಟಡ್ (ನಟ್ಟು ಕೂರೋ ಬೋಲ್ಟು) ಮುರಿದಿದ್ದವು, ಇನ್ನು ಮೂರು ನಟ್ಟು ಅಲ್ಲಾಡದೆ ಕೂತಿದ್ದವು. ಆ ಮೂರರ ಮೂಲೆಗಳೆಲ್ಲ ಸವೆದು ನಟ್ಟು ಗುಂಡಗಾಗಿದ್ದವು.

ಮುರಿದದ್ದು ಹೇಗೆ ಅಂತ ಕೇಳಿದೆ. ಡ್ರೈವರ್ ಮಾತಾಡಲಿಲ್ಲ. ಕ್ಲೀನರ್ ಹುಡುಗ ಹೊಸಬ, ಅವನೇ ಒಪ್ಪಿಕೊಂಡ. ವೀಲ್ ಪಾನಾಕ್ಕೆ ಆರಡಿ ಪೈಪ್ ಹಾಕಿ ಅದರ ಮೇಲೆ ಹತ್ತಿ ಕುಣಿದಿದ್ದಾನೆ. ಅದೂ ಬಿಚ್ಚೋ ಕಡೆಗಲ್ಲ, ಬಿಗಿಯೋ ಕಡೆಗೆ! ಹಳೆ ಗಾಡಿಗಳ ಎಡಗಡೆ ಉಲ್ಟಾ ಥ್ರೆಡ್ ಇರುತ್ತೆ ಅನ್ನೋದು ನಮಗೆ ಗೊತ್ತು, ಈಗಿನ ಹುಡುಗರಿಗೆ ಗೊತ್ತಿಲ್ಲ. ಸ್ಟಡ್ ತುದಿಯಲ್ಲಿ ಎಲ್ ಅಂತ ಗುರುತು ಇರುತ್ತೆ, ಆದರೆ ತುಕ್ಕು ಪೇಂಟಿನ ಕೆಳಗೆ ಅದು ಯಾರಿಗೆ ಕಾಣಬೇಕು? ಎರಡು ಸ್ಟಡ್ ಹಾಗೆ ಹೋದವು. ಮೂರನೆಯದು ಸರಿಯಾದ ಕಡೆಗೇ ತಿರುಗಿಸಿದಾಗ ಹೋಯಿತು.

ಲೆಕ್ಕ ಹಾಕಿ ನೋಡಿ. ಆ ಸೈಜಿನ ನಟ್ಟಿಗೆ ಬೇಕಾದ ಬಿಗಿತ ಸುಮಾರು 50-60 ಕೆಜಿ-ಮೀಟರ್, ಅಂದರೆ ಒಂದು ಮೀಟರ್ ಪೈಪಿನ ತುದಿಗೆ ಅಷ್ಟು ಕೆಜಿ ಭಾರ. 70 ಕೆಜಿ ಹುಡುಗ ಆರಡಿ ಪೈಪಿನ ತುದಿಗೆ ನಿಂತರೆ 120 ದಾಟುತ್ತೆ. ಕುಣಿದರೆ ಇನ್ನೂ ಜಾಸ್ತಿ. ಸ್ಟಡ್ ಉಳಿದರೆ ಅದೇ ಆಶ್ಚರ್ಯ.

ನಟ್ಟು ಹಿಡಕೊಂಡಿದ್ದಕ್ಕೆ ಕಾರಣ ಗೊಬ್ಬರ. ಭತ್ತ ಇಲ್ಲದ ದಿನ ಈ ಲಾರಿ ಗೂಡ್ಸ್ ಶೆಡ್‌ನಿಂದ ಗೊಬ್ಬರ ಹೊಡೆಯುತ್ತೆ. ಪೊಟ್ಯಾಷ್ ಅಂದರೂ ಒಂದು ಥರದ ಉಪ್ಪೇ ಅಲ್ವಾ? ಚೀಲ ಹರಿದು ಉದುರಿದ್ದು ಚಕ್ರದ ನಡುವಿನ ಹಬ್ ಮೇಲೆ ಕೂರುತ್ತೆ, ಕಾಲುವೆಯಲ್ಲಿ ಗಾಡಿ ತೊಳೆದಾಗ ನೆನೆದು ಥ್ರೆಡ್ ಒಳಗೆ ಇಳಿಯುತ್ತೆ. ಅದರ ಮೇಲೆ ಪ್ರತಿ ಆಯುಧ ಪೂಜೆಗೆ ಒಂದು ಕೋಟ್ ಪೇಂಟು. ಮೂರು ವರ್ಷದಿಂದ ಆ ಚಕ್ರ ಬಿಚ್ಚೇ ಇರಲಿಲ್ಲವಂತೆ.

ನನ್ನ ಹತ್ತಿರ ಬರುವ ಮುಂಚೆ ಮಿಲ್ಲಿನ ಸಾವ್ಕಾರ್ರು ಇನ್ನೊಂದು ಕಡೆ ತೋರಿಸಿದ್ದರು. ಅಲ್ಲಿ ಏರ್ ಗನ್ ಹಿಡಿದು ಮೂಲೆ ಸವೆಸಿದ್ದಾರೆ. ಮುರಿದ ಒಂದು ಸ್ಟಡ್ ಮೇಲೆ ದೊಡ್ಡ ಸುತ್ತಿಗೆಯನ್ನೂ ಆಡಿಸಿ, ಅದರ ತುದಿ ಅಣಬೆ ಥರ ಅರಳಿತ್ತು. ಕೊನೆಗೆ ಗ್ಯಾಸಲ್ಲಿ ಕೊಯ್ದು ಹಬ್ಬು ಡ್ರಮ್ಮು ಎರಡೂ ಹೊಸದು ಹಾಕಬೇಕು, 18-20 ಸಾವಿರ, ನಾಲ್ಕು ದಿನ ಅಂದಿದ್ದಾರೆ. ಕೊಯ್ಲಿನಲ್ಲಿ ನಾಲ್ಕು ದಿನ ಲಾರಿ ನಿಂತರೆ ಬಾಡಿಗೆ ಎಷ್ಟು ಹೋಗುತ್ತೆ ಅಂತ ಸಾವ್ಕಾರ್ರು ನನ್ನ ಮುಂದೆ ಬೆರಳು ಮಡಚಿ ಲೆಕ್ಕ ಹಾಕಿದರು.

ನಾನು ಹೇಳಿದೆ, ಕೊಯ್ಯೋದು ಬೇಡ, ನಟ್ಟಿನ ಮೇಲೆ ರಿಂಗ್ ಕೂರಿಸಿ ವೆಲ್ಡಿಂಗ್ ಹೊಡೆದು ಬಿಚ್ಚುತ್ತೇನೆ ಅಂತ.

ನಾನು ಕೆಲಸ ಕಲಿತ ಉಸ್ತಾದ್ ಅಲ್ಲೇ ಚಹಾ ಕುಡಿಯುತ್ತಾ ಕೂತಿದ್ದರು. "ವೆಲ್ಡಿಂಗ್ ಹೊಡದ್ರ ನಟ್ಟೂ ಬೋಲ್ಟೂ ಒಂದಾಗಿ ಬಿಡ್ತಾವಲೇ. ಬಿಚ್ಚೋದಲ್ಲ, ಮದುವಿ ಮಾಡಿದಂಗ ಆಕ್ಕತಿ" ಅಂದರು. ಎಲ್ಲರೂ ನಕ್ಕರು. ಸಾವ್ಕಾರ್ರೂ ನಕ್ಕರು.

ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಎರಡು ವರ್ಷ ಮೊದಲು ನನಗೇ ಹಾಗಾಗಿತ್ತು. ಒಂದು ಟ್ರ್ಯಾಕ್ಟರ್ ಟ್ರೇಲರ್‌ಗೆ, ಹಿಡಕೊಂಡ ನಟ್ಟಿನ ಮುಖದ ಮೇಲೆ ಇನ್ನೊಂದು ನಟ್ಟು ಇಟ್ಟು ತೂತಿನ ಒಳಗಿಂದ ವೆಲ್ಡಿಂಗ್ ತುಂಬಿದ್ದೆ. ಸ್ಟಡ್ ಹೊರಗೆ ಚಾಚಿಕೊಂಡಿರುತ್ತಲ್ಲ, ಅದಕ್ಕೂ ಹಿಡಿಯಿತು. ಆಮೇಲೆ ಗ್ರೈಂಡರ್ ಹಿಡಿದು ಅರ್ಧ ದಿನ ಕೊರೆದೆ. ಕೂಲಿ ಕೇಳೋಕೂ ಮುಖ ಇರಲಿಲ್ಲ.

ಆವತ್ತಿನಿಂದ ತಲೆಯಲ್ಲಿ ಕೊರೀತಾನೇ ಇತ್ತು. ವೆಲ್ಡಿಂಗ್ ನಟ್ಟಿನ ಮುಖದ ಮೇಲೆ ಬೀಳಬಾರದು, ಹೊರಮೈಗೆ ಬೀಳಬೇಕು. ಮಿಲ್ಲಿನ ಗುಜರಿಯಲ್ಲಿ 30 ಎಂಎಂ ಬೋಲ್ಟಿನ ನಟ್ಟು ಬೇಕಾದಷ್ಟು ಸಿಗುತ್ತೆ, 46ರ ಪಾನಾ ಬೀಳೋದು. ಅದನ್ನು ಲೇತ್‌ಗೆ ಕೊಟ್ಟು ಎರಡು ಹೋಳು ಮಾಡಿಸಿ, ತೂತನ್ನು ಮೂವತ್ತನಾಲ್ಕೂವರೆ ಎಂಎಂಗೆ ದೊಡ್ಡದು ಮಾಡಿಸಿದೆ. ಒಂದು ಹೋಳಿಗೆ 60 ರೂಪಾಯಿ. ಅದು ಗುಂಡಗಾದ ನಟ್ಟಿನ ಮೇಲೆ ಬಳೆ ಥರ ಬಿಗಿಯಾಗಿ ಕೂರುತ್ತೆ. ವೆಲ್ಡಿಂಗ್ ಬೀಳೋದು ಬಳೆಗೂ ನಟ್ಟಿನ ಹೊರಮೈಗೂ ನಡುವೆ. ಸ್ಟಡ್‌ಗೂ ವೆಲ್ಡಿಂಗ್‌ಗೂ ಮಧ್ಯೆ ನಟ್ಟಿನ ಗೋಡೆಯೇ ಅಡ್ಡ ಇರುತ್ತೆ.

ಮೊದಮೊದಲು ಮಾಮೂಲಿ 6013 ವೆಲ್ಡಿಂಗ್ ರಾಡಿನಲ್ಲಿ ಹೊಡೆದೆ. ಪಾನಾ ಹಾಕಿದ ಕೂಡಲೇ ಬಳೆ ಕಳಚಿ ಕೈಗೆ ಬಂತು. ವೀಲ್ ನಟ್ಟು ಗಟ್ಟಿ ಉಕ್ಕು, ಸಾದಾ ರಾಡು ಅದರ ಮೇಲೆ ಬಿರುಕು ಬಿಡುತ್ತೆ. ನಾಲ್ಕು ಬಳೆ ಹಾಗೆ ಹಾಳಾದವು. 7018 ರಾಡು ತಂದೆ. ಮಳೆಗಾಲದ ತಂಡಿ ಕುಡಿದ ರಾಡು, ಒಳಗೆಲ್ಲ ಗುಳ್ಳೆ. ಮತ್ತೆರಡು ಹೋದವು. ಕೊನೆಗೆ ರಾಡುಗಳನ್ನು ಪಕ್ಕದ ಹೋಟೆಲಿನ ಮಿರ್ಚಿ ಭಟ್ಟಿಯ ಹಂಚಿನ ಮೇಲೆ ಎರಡು ಗಂಟೆ ಕಾಯಿಸಿ ತಂದೆ. ಹೋಟೆಲಿನವನು ಬೈದ. ಬೀಡ್ (ವೆಲ್ಡಿಂಗ್ ಗೆರೆ) ಮಾತ್ರ ಬೆಣ್ಣೆ ಹಾಗೆ ಕೂತಿತು.

ಈ ಮಧ್ಯೆ ಎಣ್ಣೆಯ ಹುಚ್ಚೂ ಹಿಡಿದಿತ್ತು. ಗುಜರಿಯಿಂದ ತುಕ್ಕು ಹಿಡಿದ ಎರಡು ಟ್ರೇಲರ್ ಹಬ್ ತಂದು, ನಟ್ಟುಗಳಿಗೆ ಒಂದೊಂದು ಥರ ಎಣ್ಣೆ ಹಾಕಿ ಎರಡು ರಾತ್ರಿ ಬಿಟ್ಟೆ. ಬಿಗಿತ ಅಳೆಯೋ ಟಾರ್ಕ್ ಪಾನಾ ನನ್ನ ಹತ್ತಿರ ಇರಲಿಲ್ಲ. ಭತ್ತದ ಚೀಲ ತೂಗೋ ಕೊಕ್ಕೆ ತಕ್ಕಡಿಯನ್ನೇ ಒಂದು ಮೀಟರ್ ಪೈಪಿನ ತುದಿಗೆ ಸಿಕ್ಕಿಸಿ ಎಳೆದೆ. ಒಣ ನಟ್ಟು ಬಿಟ್ಟಿದ್ದು 95 ಕೆಜಿ ಹತ್ತಿರ. ಡೀಸೆಲ್ ಹಾಕಿದ್ದು 85. ಅಂಗಡಿಯ ಸ್ಪ್ರೇ ಡಬ್ಬಿ 70. ಸ್ಟೇರಿಂಗ್ ಆಯಿಲ್‌ಗೆ ಥಿನ್ನರ್ ಬೆರೆಸಿದ್ದು 50 ಆಸುಪಾಸು. ಎಷ್ಟಕ್ಕೆ ಎಷ್ಟು ಬೆರೆಸಬೇಕು ಅನ್ನೋದು ನನ್ನ ಹತ್ತಿರವೇ ಇರಲಿ. ಬ್ರೇಕ್ ಆಯಿಲ್ ಹಾಕಿದ್ದು ಡೀಸೆಲ್‌ಗಿಂತ ಕಡೆ, ಜೊತೆಗೆ ಪೇಂಟು ಕಿತ್ತು ಬಂತು. ಸುಮ್ನೆ ದಂಡ.

ಆದರೆ ಲಾರಿ ಮೇಲೆ ಈ ಎಣ್ಣೆ ಯಾವುದೂ ಜಾಸ್ತಿ ಕೆಲಸ ಮಾಡಲಿಲ್ಲ. ಯಾಕೆ ಅಂತ ಆಮೇಲೆ ಹೊಳೆಯಿತು. ನಟ್ಟಿನ ಇಳಿಜಾರು ಬುಡ (ಕೋನ್) ಚಕ್ರದ ಡಿಸ್ಕಿಗೆ ಕಚ್ಚಿ ಕೂತಿರುತ್ತೆ, ಆ ಕಡೆಯಿಂದ ಎಣ್ಣೆಗೆ ದಾರಿ ಇಲ್ಲ. ಈ ಕಡೆ ಥ್ರೆಡ್ಡಿಗೆ ಪೇಂಟಿನ ಮುಚ್ಚಳ. ಎಣ್ಣೆ ಹೋಗೋದೆಲ್ಲಿಗೆ? ವೈರ್ ಬ್ರಷ್ ಹಾಕಿ ಪೇಂಟು ತೆಗೆಯದೆ ಎಣ್ಣೆ ಸುರಿದರೆ ನೆಲ ಕುಡಿಯುತ್ತೆ ಅಷ್ಟೆ.

ಈಗ ಆ ಲಾರಿಗೆ ಬರ್ತೀನಿ.

ಮೊದಲು ಜಾಕ್ ಕೊಟ್ಟು, ಕುದುರೆ (ಗಾಡಿ ಹೊರೋ ಸ್ಟ್ಯಾಂಡು) ಇಟ್ಟು, ಎರಡೂ ಟೈರಿನ ವಾಲ್ವ್ ಪಿನ್ ಕಿತ್ತೆ. ಪಂಕ್ಚರ್ ಆಗಿದ್ದರದ್ದೂ ಕಿತ್ತೆ. ಗಾಳಿ ತುಂಬಿದ ಟೈರಿನ ಪಕ್ಕ ಬೆಂಕಿ ಹಿಡಿಯೋದು ಅಂದರೆ ಬಾಂಬಿನ ಮೇಲೆ ಕೂತ ಹಾಗೆ. ಗಾಳಿ ಇಳಿಸಿದ ಮಾತ್ರಕ್ಕೆ ಭಯ ಪೂರ್ತಿ ಹೋಗಲ್ಲ, ರಿಮ್ ಕಾದರೆ ಒಳಗಿನ ರಬ್ಬರ್ ಗ್ಯಾಸ್ ಬಿಡುತ್ತೆ. ಅದಕ್ಕೇ ರಿಮ್ಮಿಗೆ ಆರ್ಕ್ ತಾಕಿಸಲೇಬಾರದು. ಸುತ್ತ ಒದ್ದೆ ಗೋಣಿಚೀಲ ಹೊದಿಸಿದೆ. ಚಿಕ್ಕ ಚಿಕ್ಕ ಬೀಡ್ ಹಾಕಿದೆ, ಪ್ರತಿ ಬೀಡ್ ಆದಮೇಲೆ ರಿಮ್ ಮುಟ್ಟಿ ನೋಡಿದೆ. ಕೈ ಇಡೋಕೆ ಆಗದಿದ್ದರೆ ನಿಲ್ಲಿಸಿದೆ. ಬ್ಯಾಟರಿ ವೈರ್ ಬಿಚ್ಚಿದ್ದೆ. ವೆಲ್ಡಿಂಗ್ ಮಶೀನಿನ ಅರ್ತ್ ಕ್ಲಾಂಪನ್ನು ಚಾಸಿಗೆ ಹಾಕದೆ ಪಕ್ಕದ ಸ್ಟಡ್ಡಿಗೇ ಹಾಕಿದ್ದೆ. ಚಾಸಿಗೆ ಹಾಕಿದರೆ ಕರೆಂಟು ಬೇರಿಂಗ್ ದಾಟಿ ಹೋಗುತ್ತೆ, ರೋಲರ್ ಮೇಲೆ ಚುಕ್ಕೆ ಬೀಳುತ್ತೆ. ಇದು ಗೊತ್ತಿಲ್ಲದೆ ನಾನು ಒಂದು ಬೇರಿಂಗ್ ಕಳೆದುಕೊಂಡಿದ್ದೇನೆ.

ಬಳೆ ಸುತ್ತ ವೆಲ್ಡಿಂಗ್ ಮುಗಿದಾಗ ನಟ್ಟು ಮಂದ ಕೆಂಪಾಗಿತ್ತು. ಕ್ಲೀನರ್ ಹುಡುಗ ಪಾನಾ ಹಿಡಿದು ಓಡಿ ಬಂದ. ಬೇಡ ಅಂದೆ. ಎಲ್ಲರೂ ತಪ್ಪೋದು ಇಲ್ಲೇ. ಕೆಂಪಗಿದ್ದಾಗ ತಿರುಗಿಸಿದರೆ ಥ್ರೆಡ್ ಮೆತ್ತಗಿರುತ್ತೆ, ಕಿತ್ತುಕೊಂಡು ಬರುತ್ತೆ. ಕಾಯಬೇಕು. ಕಾದ ನಟ್ಟು ಹಿಗ್ಗಿರುತ್ತೆ, ಆರುವಾಗ ಕುಗ್ಗುತ್ತೆ, ಆ ಹಿಗ್ಗು ಕುಗ್ಗಿನಲ್ಲಿ ಒಳಗಿನ ತುಕ್ಕು ಪುಡಿಯಾಗುತ್ತೆ. ಕೆಂಪು ಹೋಗಿ ಕಪ್ಪಾದ ಮೇಲೆ ಮೇಣದಬತ್ತಿ ತಾಕಿಸಿದೆ. ಕರಗಿದ ಮೇಣ ತಾನಾಗೇ ಥ್ರೆಡ್ ಒಳಗೆ ಹೀರಿಕೊಂಡು ಹೋಗುತ್ತೆ. ಮೇಣದ ಜೊತೆ ಇನ್ನೊಂದು ಚಿಟಿಕೆ ಹಾಕ್ತೀನಿ, ಅದು ಏನು ಅಂತ ಇಲ್ಲಿ ಬರೆಯಲ್ಲ.

46ರ ಪಾನಾ, ಬರೀ ಎರಡಡಿ ಪೈಪು. ಉಲ್ಟಾ ಥ್ರೆಡ್, ಗಡಿಯಾರದ ಮುಳ್ಳು ತಿರುಗೋ ಕಡೆಗೇ ಬಿಚ್ಚಬೇಕು. ಒಂದೇ ಸಲಕ್ಕೆ ಎಳೆಯಲಿಲ್ಲ. ಒಂಚೂರು ಆ ಕಡೆ, ಒಂಚೂರು ಈ ಕಡೆ. ನಾಲ್ಕೈದು ಸಲ ಆಡಿಸಿದ ಮೇಲೆ "ಕಿರ್ರ್" ಅಂತ ಸದ್ದು ಬಂತು. ಆ ಸದ್ದು ಕೇಳಿದರೆ ಹೊಟ್ಟೆ ತುಂಬುತ್ತೆ. ಮೊದಲನೇ ನಟ್ಟು ಬಂತು. ಎರಡನೆಯದೂ ಬಂತು. ಮೂರನೆಯದಕ್ಕೆ ಎರಡು ಸಲ ಕಾಯಿಸಿ ಆರಿಸಬೇಕಾಯಿತು, ಅದಕ್ಕೇ ಒಂದು ಗಂಟೆ ಹೋಯಿತು. ಉಸ್ತಾದ್ ಮೂರನೇ ಚಹಾ ಹೇಳಿದರು. ನಗು ನಿಂತಿತ್ತು.

ಇನ್ನು ಮುರಿದ ಸ್ಟಡ್ಡು. ಆಕ್ಸಲ್ ಶಾಫ್ಟ್ ಎಳೆದು, ಹಬ್ ಇಳಿಸಿ, ಡ್ರಮ್ ಬೇರೆ ಮಾಡಿದೆ. ಅಲ್ಲಿವರೆಗಿನದು ಎಲ್ಲರೂ ಮಾಡೋದೇ. ಎಲ್ಲರೂ ಆಮೇಲೆ ಸುತ್ತಿಗೆ ಎತ್ತುತ್ತಾರೆ. ಏಟು ಬಿದ್ದಷ್ಟೂ ತುದಿ ಅರಳುತ್ತೆ, ಅರಳಿದಷ್ಟೂ ತೂತಿನಲ್ಲಿ ಸಿಕ್ಕಿಕೊಳ್ಳುತ್ತೆ. ನನ್ನದು ಸಿ ಆಕಾರದ ಫ್ರೇಮು, ಅದರ ಬಾಯಲ್ಲಿ 20 ಟನ್ನಿನ ಬಾಟಲ್ ಜಾಕು. ಮೊದಲನೇ ಫ್ರೇಮನ್ನು 16 ಎಂಎಂ ಪ್ಲೇಟಿನಲ್ಲಿ ಮಾಡಿದ್ದೆ. ಜಾಕ್ ಒತ್ತಿದಾಗ ಸ್ಟಡ್ ಅಲ್ಲಾಡಲಿಲ್ಲ, ಫ್ರೇಮೇ ಒಂದು ಬೆರಳು ಬಾಯಿ ಬಿಟ್ಟಿತು. ಜಾಕ್ ಚಿಮ್ಮಿ ಗೋಡೆಗೆ ಬಡಿಯಿತು. ನಾನು ಪಕ್ಕಕ್ಕೆ ನಿಂತಿದ್ದೆ, ದೇವರು ದೊಡ್ಡವನು. ಎರಡನೆಯದು 32 ಎಂಎಂ ಪ್ಲೇಟು, ಬೆನ್ನಿಗೆ ಪಟ್ಟಿ. ಎತ್ತೋಕೆ ಇಬ್ಬರು ಬೇಕು. ಪ್ಲೇಟಿಗೆ ಗುಜರಿಯಲ್ಲಿ ಎರಡೂವರೆ ಸಾವಿರ, ಜಾಕಿಗೆ ಅಷ್ಟೇ. ಈಗಲೂ ಒತ್ತುವಾಗ ಚೈನ್ ಸುತ್ತಿ, ಮೇಲೆ ಗೋಣಿ ಹಾಕ್ತೀನಿ.

ಅರಳಿದ ತುದಿಯನ್ನು ಗ್ರೈಂಡರ್‌ನಲ್ಲಿ ಸಪಾಟು ಮಾಡಿ ಒತ್ತಿದೆ. ಎರಡು ಸ್ಟಡ್ "ಟಕ್" ಅಂತ ಬಂದವು. ಮೂರನೆಯದು ಹಠ ಮಾಡಿತು. ಹಬ್ಬಿನ ಆ ಜಾಗವನ್ನು ನೀರಿನ ಹನಿ ಚುರ್ ಅನ್ನುವಷ್ಟು ಮಾತ್ರ ಕಾಯಿಸಿದೆ. ಆಮೇಲೆ ಬಂತು.

ಹತ್ತೂ ಸ್ಟಡ್ ಹೊಸದು ಹಾಕಿದೆ. ಸಾವ್ಕಾರ್ರು ತಕರಾರು ತೆಗೆದರು. "ಮುರದಿದ್ದು ಮೂರು, ಹತ್ತು ಯಾಕ ಹಾಕ್ತೀಯಪಾ?" ಅಂದರು. ಮೂರು ಕೆಂಪಗೆ ಕಾದಿವೆ, ಅವುಗಳ ಹದ ಹೋಗಿದೆ. ಉಳಿದ ನಾಲ್ಕು, ಪಕ್ಕದವು ಮುರಿದಾಗ ಅವುಗಳ ಭಾರವನ್ನೂ ಹೊತ್ತು ಎಳೆಸಿಕೊಂಡಿವೆ. ನಟ್ಟಿನ ಸಮೇತ ಒಂದಕ್ಕೆ 220ರಂತೆ 2,200. ಆಯಿಲ್ ಸೀಲು, ಗ್ರೀಸು, ಗೇರ್ ಆಯಿಲು ಸೇರಿ 1,500. ನನ್ನ ಕೂಲಿ 4,500. ಒಟ್ಟು 8,200 ಆಯಿತು, 8,000 ಕೊಟ್ಟರು. ಆ 200 ಇನ್ನೂ ಬಾಕಿ. ಎರಡು ದಿನಕ್ಕೆ ಲಾರಿ ಹೊರಗೆ ಹೋಯಿತು.

ಹೊಸ ಸ್ಟಡ್ ಕೂರಿಸುವಾಗ ಅದರ ಮೈಮೇಲಿನ ಹಲ್ಲು ಹಬ್ಬಿನ ತೂತಿಗೆ ಬಿಗಿಯಾಗಿ ಹಿಡಿಯುತ್ತಾ ನೋಡಬೇಕು. ಕೈಯಲ್ಲೇ ತಿರುಗಿದರೆ ಹಬ್ ಹೋಯಿತು ಅಂತಲೇ ಲೆಕ್ಕ. ಹಿಂದಿನಿಂದ ತಲೆಗೆ ವೆಲ್ಡಿಂಗ್ ಚುಕ್ಕೆ ಇಡೋ ಚಾಳಿ ನಮ್ಮ ಕಡೆ ಇದೆ. ಒಂದು ಟ್ರೇಲರ್‌ಗೆ ನಾನೂ ಇಟ್ಟಿದ್ದೆ. ಎರಡು ತಿಂಗಳಿಗೆ ಸ್ಟಡ್‌ಗಳ ತಲೆ ಕಿತ್ತು, ಚಕ್ರ ಬೇರೆಯಾಗಿ ನಾಟಿ ಮಾಡಿದ ಗದ್ದೆಗೆ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ಗದ್ದೆಯವನಿಗೆ ದುಡ್ಡು ಕಟ್ಟಿದವನು ನಾನೇ. ಮತ್ತೆ ಆ ಕೆಲಸಕ್ಕೆ ಕೈ ಹಾಕಿಲ್ಲ.

ಡಿಸ್ಕಿನ ಪೇಂಟು ಕೆರೆದೆ, ನಟ್ಟು ಕೂರೋ ಕೋನ್ ಜಾಗ ಬರೀ ಕಬ್ಬಿಣ ಕಾಣೋ ತನಕ. ಪೇಂಟು ಉಳಿದರೆ ಅದು ನಲುಗಿ ನಟ್ಟು ಸಡಿಲ ಆಗುತ್ತೆ. ಥ್ರೆಡ್ಡಿಗೆ ಎರಡು ಹನಿ ಎಣ್ಣೆ, ಕೋನಿಗೆ ಒಂದು ಹನಿಯೂ ಇಲ್ಲ. ಎದುರುಬದುರು ನಟ್ಟು ಬಿಗಿದೆ. 50 ಕಿಲೋಮೀಟರ್ ಓಡಿಸಿ ಬಾ ಅಂತ ಡ್ರೈವರ್‌ಗೆ ಹೇಳಿದ್ದೆ. ಸಿಂಧನೂರಿಗೆ ಒಂದು ಲೋಡ್ ಹಾಕಿ ಬಂದ. ನಾಲ್ಕು ನಟ್ಟು ಕಾಲು ಸುತ್ತು ಹಿಡಿದವು.

ಇದಾದ ಮೇಲೆ ಸುಮಾರು ಮೂವತ್ತು ನಟ್ಟು ಬಳೆ ಹಾಕಿ ಬಿಚ್ಚಿದ್ದೇನೆ. ಎರಡು ಮಾತ್ರ ಕೈಕೊಟ್ಟವು. ಹೋದ ವಾರ ಉಸ್ತಾದ್ ತಮ್ಮ ಹುಡುಗನನ್ನು ಕಳಿಸಿ ಸಿ ಫ್ರೇಮು ಕೇಳಿದರು, ಜೊತೆಗೆ ನಾಲ್ಕು ಬಳೆ. ಬಳೆ ಹಾಗೇ ಕೊಟ್ಟೆ. ಫ್ರೇಮು ಇನ್ನೂ ವಾಪಸ್ ಬಂದಿಲ್ಲ, ನಾಳೆ ಬೆಳಿಗ್ಗೆ ನಾನೇ ಹೋಗಿ ತರಬೇಕು.